ಕಾಗದದಲ್ಲಿ ಬಂದ ನಲ್ಲಿ

ನಮ್ಮ ತಂದೆ ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ ಇಟ್ಟಿದ್ದವರು. ಚೀಲ ಬಿಚ್ಚದೆ ಬೆಲೆ ಕಟ್ಟುವವನು ವ್ಯಾಪಾರಿಯೇ ಅಲ್ಲ ಎನ್ನುತ್ತಿದ್ದರು. ಮೇಲೆ ಗಟ್ಟಿ ಉಂಡೆ ಜೋಡಿಸಿ ಅಡಿಯಲ್ಲಿ ಕೌಟು ಹಿಡಿದ ಹಳೆ ಕೊಬ್ಬರಿ ತುಂಬಿ ತರುವವರನ್ನು ಅವರು ಬಾಗಿಲಲ್ಲೇ ಗುರುತು ಹಿಡಿಯುತ್ತಿದ್ದರು. ಇಂಥ ಅಪ್ಪನ ಮಗಳಾದ ನಾನು ಲೆಕ್ಕ ನೋಡುವ ಸರ್ಕಾರಿ ಕೆಲಸಕ್ಕೆ ಸೇರಿದಾಗ ಮನೆಯವರೆಲ್ಲ ಸಂತೋಷಪಟ್ಟರು. ನಾನೂ ಪಟ್ಟೆ. ಪಂಚಾಯಿತಿ, ಪುರಸಭೆ, ಮಾರುಕಟ್ಟೆ ಸಮಿತಿ, ದೇವಸ್ಥಾನ ಹೀಗೆ ಊರೂರಿನ ಲೆಕ್ಕವನ್ನು ಹೋಗಿ ತಪಾಸಣೆ ಮಾಡುವ ಕೆಲಸ ಅದು. ಕಳ್ಳರನ್ನು ಹಿಡಿಯುತ್ತೇನೆ ಎಂದುಕೊಂಡಿದ್ದೆ. ವಯಸ್ಸು ಹಾಗಿತ್ತು.

ಸೇರಿದ ಮೇಲೆ ಗೊತ್ತಾಯಿತು, ನಮ್ಮಲ್ಲಿ ಚೀಲ ಬಿಚ್ಚುವ ಪದ್ಧತಿಯೇ ಇಲ್ಲ. ಚೀಲದ ಮೇಲೆ ಬರೆದದ್ದನ್ನು ಓದಿ, ಅದರ ಪಕ್ಕ ಹಸಿರು ಶಾಯಿಯಲ್ಲಿ ಗುರುತು ಹಾಕಿ ಮುಂದಿನ ಊರಿನ ಬಸ್ಸು ಹತ್ತುವುದು. ಓಚರ್ ಇದ್ದರೆ ರಸ್ತೆ ಇದೆ. ಓಚರ್ ಇಲ್ಲದಿದ್ದರೆ ನಾವು ನಡೆದು ಬಂದ ರಸ್ತೆಯೂ ಇಲ್ಲ. ಸಂಶಯ ಬಂದರೆ ಒಂದು ಹಾಳೆಯನ್ನು ಉದ್ದಕ್ಕೆ ಮಡಿಸಿ, ಎಡಗಡೆ ನಮ್ಮ ಪ್ರಶ್ನೆ ಬರೆದು ಪಂಚಾಯಿತಿಯವರ ಕೈಗೆ ಕೊಡುತ್ತಿದ್ದೆವು. ಬಲಗಡೆಯ ಅರ್ಧ ಖಾಲಿ. ಅದು ಅವರ ಉತ್ತರಕ್ಕೆ. ಎಷ್ಟು ಊರು ತಿರುಗಿದರೂ ಆ ಖಾಲಿ ಜಾಗದಲ್ಲಿ ನಾನು ಕಂಡ ಉತ್ತರ ಒಂದೇ: ‘ಮುಂದೆ ಗಮನಿಸಲಾಗುವುದು.’ ಹಿಂದಿನದರ ಗತಿಯೇನು ಎಂದು ಕೇಳುವವರು ಇರಲಿಲ್ಲ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅಂತ ಗಾದೆ ಇದೆಯಲ್ಲ, ನಾವು ಆ ಬಾಗಿಲನ್ನೂ ಹಾಕುತ್ತಿರಲಿಲ್ಲ. ಬಾಗಿಲು ತೆರೆದಿತ್ತು ಎಂದು ಬರೆದು ಸಹಿ ಮಾಡಿ ಬರುತ್ತಿದ್ದೆವು.

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಅರಸೀಕೆರೆಯಲ್ಲಿ ಬೆಳಿಗ್ಗೆ ಬೇಲೂರು ಬಸ್ಸು ಹತ್ತಿ, ಜಾವಗಲ್ ದಾಟಿ, ಹಳೇಬೀಡಿನಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿಯುತ್ತಿದ್ದೆ. ಹಳೇಬೀಡಿಗೂ ಹಗರೆಗೂ ನಡುವೆ, ದಾರಿಯಿಂದ ಸ್ವಲ್ಪ ಒಳಗೆ ಸರಿದಿದ್ದ ಊರು. ಹೆಸರು ಬೇಡ. ನನ್ನ ಜೊತೆ ನಮ್ಮ ಹಿರಿಯ ಅಧಿಕಾರಿಯೊಬ್ಬರು ಇರುತ್ತಿದ್ದರು. ನಿವೃತ್ತಿಗೆ ಹತ್ತಿರ ಬಂದವರು, ಸಕ್ಕರೆ ಕಾಯಿಲೆಯವರು, ಒಳ್ಳೆಯವರು. ಅವರ ಒಳ್ಳೆಯತನದಿಂದ ಯಾರಿಗೂ ಏನೂ ಆಗುತ್ತಿರಲಿಲ್ಲ, ಕೆಟ್ಟದ್ದೂ ಸಹ. ಆಡಿಟ್ಟಿನವರು ಬಂದರು ಎಂದರೆ ಊರಲ್ಲಿ ಒಂದು ಕೋಳಿಯ ಆಯುಷ್ಯ ಮುಗಿಯಿತು ಎಂದೇ ಲೆಕ್ಕ. ನಾನು ತಿನ್ನುವವಳಲ್ಲ ಎಂದು ಗೊತ್ತಾದಾಗ ನನಗೆ ಬೇರೆ ಪಾಯಸ ಮಾಡಿಸಿದರು. ನಾನು ಮನೆಯಿಂದ ತಂದ ಚಪಾತಿ ಡಬ್ಬಿ ತೆಗೆದೆ. ಪಂಚಾಯಿತಿ ಕಾರ್ಯದರ್ಶಿಗೆ ಅವಮಾನವಾಯಿತು. ಆಗಲಿ ಎಂದೇ ತೆಗೆದದ್ದು.

ಹೊಸ ಕಾಯಿದೆ ಬಂದು ಹೆಂಗಸರಿಗೆ ಮೀಸಲಾತಿ ಸಿಕ್ಕಿದ್ದ ಹೊಸದು. ಆ ಪಂಚಾಯಿತಿಯ ಅಧ್ಯಕ್ಷೆ ಊರಾಚೆಯ ಕೇರಿಯವರು. ಅಧ್ಯಕ್ಷರ ಕುರ್ಚಿಯಲ್ಲಿ ಗಂಡ ಕೂತಿರುತ್ತಿದ್ದ. ಆಕೆ ಗೋಡೆ ಪಕ್ಕದ ಬೆಂಚಿನ ತುದಿಯಲ್ಲಿ, ಸೆರಗು ಹೊದ್ದು, ಎದ್ದು ಹೋಗಲು ತಯಾರಾದವರ ಹಾಗೆ ಕೂರುತ್ತಿದ್ದರು. ನಾನು ಆಗ ನೋಡಿದ ಪಂಚಾಯಿತಿಗಳಲ್ಲಿ ಇದೇನೂ ವಿಶೇಷವಲ್ಲ. ‘ಅಧ್ಯಕ್ಷರ ಯಜಮಾನರು’ ಎನ್ನುವುದು ಕಾಯಿದೆಯಲ್ಲಿ ಇಲ್ಲದ, ಎಲ್ಲ ಊರಲ್ಲೂ ಇದ್ದ ಹುದ್ದೆ.

ಆದರೆ ಆಕೆಗೆ ಒಂದು ಹೆಮ್ಮೆ ಇತ್ತು. ನಾವು ಹೋದ ಮೊದಲ ದಿನ ಹಾಜರಿ ಪುಸ್ತಕ ಮುಂದಿಟ್ಟಾಗ ಕಾರ್ಯದರ್ಶಿಯೇ ಹೇಳಿದ, ನಮ್ಮ ಅಧ್ಯಕ್ಷರು ಬೇರೆ ಪಂಚಾಯಿತಿಯವರ ಹಾಗೆ ಹೆಬ್ಬೆಟ್ಟಲ್ಲ, ರುಜು ಮಾಡುತ್ತಾರೆ ಎಂದು. ಆಕೆ ಬೆಂಚಿನಿಂದ ಎದ್ದು ಬಂದು, ಪೆನ್ನನ್ನು ಸೌಟು ಹಿಡಿದಂತೆ ಹಿಡಿದು, ತುಟಿ ಕಚ್ಚಿಕೊಂಡು ಒಂದೊಂದೇ ಅಕ್ಷರ ಬರೆದರು. ದುಂಡಾದ ಅಕ್ಷರ. ಬರೆದಾದ ಮೇಲೆ ಸ್ವಲ್ಪ ಹಿಂದೆ ಸರಿದು ನೋಡಿ, ಬಿಟ್ಟುಹೋಗಿದ್ದ ಒಂದು ಕೊಂಬು ಸೇರಿಸಿದರು. ನನಗೆ ಅವರ ಮೇಲೆ ತಕ್ಷಣ ಪ್ರೀತಿ ಬಂತು.

ಮುಂದೆ ಆದದ್ದಕ್ಕೆಲ್ಲ ಕಾರಣ ಆ ಕಚೇರಿಯ ಪಾಯಿಖಾನೆ. ಕಟ್ಟಿಸಿದ್ದರು, ಆದರೆ ಒಳಗೆ ಸಿಮೆಂಟ್ ಚೀಲ ಪೇರಿಸಿ ಬೀಗ ಹಾಕಿದ್ದರು. ಗಂಡಸರಿಗೆ ಊರ ತುಂಬ ಬೇಲಿ ಇದೆ. ನಮ್ಮ ಇಲಾಖೆಯಲ್ಲಿ ಹೆಂಗಸರು ಕಡಿಮೆ, ಇದ್ದವರು ಬೆಳಿಗ್ಗೆಯಿಂದ ನೀರು ಕುಡಿಯದೆ ಕೆಲಸ ಮಾಡುತ್ತಿದ್ದರು. ಆ ದಿನ ನನಗೆ ತಡೆಯಲಾಗಲಿಲ್ಲ. ಬೆಂಚಿನ ಹತ್ತಿರ ಹೋಗಿ ಅಧ್ಯಕ್ಷರ ಕಿವಿಯಲ್ಲಿ ಹೇಳಿದೆ. ಆಕೆ ಎದ್ದು ನನ್ನನ್ನು ಕೇರಿಯ ತಮ್ಮ ಮನೆಗೆ ಕರೆದುಕೊಂಡು ಹೋದರು. ಹಿತ್ತಲಲ್ಲಿ ತೆಂಗಿನ ಗರಿಯ ಮರೆ ಇತ್ತು. ಒಂದು ಚೊಂಬು ನೀರು ತಂದುಕೊಟ್ಟರು.

“ಸ್ವಲ್ಪ ನೋಡ್ಕಂಡು ಹಾಕ್ಕಳಿ ಅಮ್ಮಾವ್ರೆ,” ಎಂದರು. “ರೋಡಿನತ್ರ ಬೋರಿಂದ ಹೊತ್ಕಂಡು ಬರ್ಬೇಕು.”

ಆ ಬೆಳಿಗ್ಗೆಯೇ ನಾನು ಕೇರಿಗೆ ನಲ್ಲಿ ಹಾಕಿದ ಕಾಮಗಾರಿಯ ಓಚರುಗಳಿಗೆ ಹಸಿರು ಗುರುತು ಹಾಕಿ ಬಂದಿದ್ದೆ. ಪೈಪು ಕೊಂಡದ್ದಕ್ಕೆ, ಗುಂಡಿ ತೋಡಿದ್ದಕ್ಕೆ, ನಲ್ಲಿ ಕೂರಿಸಿದ್ದಕ್ಕೆ. ಅಳತೆಯಲ್ಲಿ ‘ಅಧ್ಯಕ್ಷರ ಮನೆಯ ಮುಂಭಾಗದಿಂದ’ ಎಂದು ಬರೆದಿತ್ತು. ನಾನು ಮನೆಯ ಮುಂಭಾಗಕ್ಕೆ ಬಂದು ನೋಡಿದೆ. ಒಂದು ಕಲ್ಲು, ಒಂದು ಕೋಳಿ, ಒಣಗಲು ಹಾಕಿದ್ದ ಅವರೆಕಾಳು. ಅಷ್ಟೇ.

ನಲ್ಲಿ ಎಲ್ಲಿ ಎಂದು ಕೇಳಿದೆ. ಬರುತ್ತದಂತೆ ಎಂದರು ಆಕೆ. ತಾನು ಚುನಾವಣೆಗೆ ನಿಲ್ಲಲು ಒಪ್ಪಿದ್ದೇ ಅದಕ್ಕಾಗಿ. ಕುರ್ಚಿ ಬೇಡ, ಹಾರ ಬೇಡ, ಕೇರಿಗೆ ಒಂದು ನಲ್ಲಿ ತಂದರೆ ಸಾಕು ಅಂತ ಕೇರಿಯ ಹೆಂಗಸರಿಗೆಲ್ಲ ಮಾತು ಕೊಟ್ಟಿದ್ದರು. ತನ್ನ ಅವಧಿ ಮುಗಿಯುವುದರೊಳಗೆ ಬಂದೇ ಬರುತ್ತದೆ ಎಂದು ಗಂಡ ಹೇಳಿದ್ದಾನೆ. ಹೀಗೆ ಹೇಳುತ್ತಾ ಆಕೆ ಗುಡಾಣದಿಂದ ಇನ್ನೊಂದು ಲೋಟ ನೀರು ಬಗ್ಗಿಸಿ, ಕೊಡದೆ ಕೈಯಲ್ಲೇ ಹಿಡಿದು ನಿಂತರು. ನಮ್ಮ ಮನೆಯಲ್ಲಿ ನೀವು ಕುಡೀತೀರಾ ಎಂದು ಕೇಳಿದರು. ಲೋಟ ಇಸಿದುಕೊಂಡು ಕುಡಿದೆ. ನಾಚಿಕೆಯಾಯಿತು, ನೀರಿನ ಬಗ್ಗೆಯಲ್ಲ, ಆ ಪ್ರಶ್ನೆ ಇನ್ನೂ ಕೇಳಬೇಕಾಗಿದೆಯಲ್ಲ ಎಂದು.

ಆಮೇಲೆ ಅಲ್ಲೇ ಜಗಲಿಯ ಮೇಲೆ ಕೂತು ಹೇಳಿದೆ. ಕಾಗದದಲ್ಲಿ ನಲ್ಲಿ ಬಂದಾಗಿದೆ, ದುಡ್ಡು ಕೊಟ್ಟಾಗಿದೆ, ಎಲ್ಲದರ ಕೆಳಗೂ ನಿಮ್ಮ ರುಜು ಇದೆ. ಆಕೆಗೆ ಬಹಳ ಹೊತ್ತು ಅರ್ಥವಾಗಲಿಲ್ಲ. ರುಜು ತನ್ನದೇ ಇರಲಾರದು ಎಂದರು. ಆ ದುಂಡು ಅಕ್ಷರ, ಕೊನೆಗೆ ಸೇರಿಸುವ ಕೊಂಬು ಎಂದು ನಾನು ವಿವರಿಸಿದೆ. ಗೋಡೆಗೆ ಬುದ್ಧನ ಪಟ ಹಾಕಿದ್ದರು, ಅದರ ಕಡೆ ನೋಡುತ್ತಾ ಕೂತರು. ಆಮೇಲೆ ನಿಧಾನವಾಗಿ ಹೇಳಿದರು.

“ನಾನು ರುಜು ಕಲ್ತಿದ್ದೇ ಆ ಹಾಳೆ ಮ್ಯಾಲೆ ಅಮ್ಮಾವ್ರೆ.”

ಅಧ್ಯಕ್ಷೆಯಾದ ಹೊಸದರಲ್ಲಿ ಹೆಬ್ಬೆಟ್ಟು ಒತ್ತಲು ಆಕೆಗೆ ಸಂಕೋಚವಾಯಿತಂತೆ. ಕಾರ್ಯದರ್ಶಿ ತಾನೇ ಹೆಸರು ಬರೆಯುವುದನ್ನು ಹೇಳಿಕೊಟ್ಟ. ಸ್ಲೇಟಿನ ಮೇಲೆ ತಿದ್ದಿದರೆ ಕೈ ಕೂರುವುದಿಲ್ಲ, ಆಫೀಸಿನ ಹಾಳೆಯ ಮೇಲೇ ರೂಢಿ ಮಾಡಿಕೊಳ್ಳಬೇಕು, ಅದೂ ಕೆಳಗೆ ಗೆರೆ ಇರುವ ಜಾಗದಲ್ಲೇ ಎಂದ. ಗಂಡ ಸಂಜೆ ಸಂಜೆ ಅಚ್ಚಾದ ಹಾಳೆಗಳ ಕಟ್ಟು ತಂದುಕೊಡುತ್ತಿದ್ದ. ಆಕೆ ಒಲೆಯ ಮುಂದೆ ಕೂತು, ಸಾರು ಕುದಿಯುವಷ್ಟು ಹೊತ್ತು, ಒಂದರ ಮೇಲೊಂದು ಬರೆಯುತ್ತಿದ್ದರು. ಚೆನ್ನಾಗಿ ಬಂದದ್ದನ್ನು ಗಂಡ ಜೋಪಾನವಾಗಿ ತೆಗೆದುಕೊಂಡು ಹೋಗುತ್ತಿದ್ದ. ತನ್ನ ಅಕ್ಷರ ಚೆನ್ನಾಗಿದೆ ಎಂದು ಕಚೇರಿಯಲ್ಲಿ ತೋರಿಸಲು ಒಯ್ಯುತ್ತಾನೆ ಎಂದು ಆಕೆ ತಿಳಿದಿದ್ದರು. ಕಟ್ಟಿನಲ್ಲಿ ನಡುನಡುವೆ ಗಿಡ್ಡನೆಯ ಬಣ್ಣದ ಹಾಳೆಗಳೂ ಇದ್ದವಂತೆ. ನಯವಾಗಿದ್ದವು, ಅವುಗಳ ಮೇಲೆ ರುಜು ಬಹಳ ಅಂದವಾಗಿ ಬರುತ್ತಿತ್ತು ಎಂದರು. ಅವು ಚೆಕ್ಕುಗಳು.

ನನಗೆ ಸಿಟ್ಟು ನೆತ್ತಿಗೇರಿತು. ನಾನು ಮೊದಲೇ ಮುಂಗೋಪಿ. ಕಚೇರಿಗೆ ವಾಪಸು ಹೋದವಳೇ ಬೆಳಿಗ್ಗೆಯ ಹಸಿರು ಗುರುತುಗಳನ್ನು ಹೊಡೆದುಹಾಕಿ, ಹಾಳೆ ಮಡಿಸಿ ಪ್ರಶ್ನೆ ಬರೆದೆ: ಕಾಮಗಾರಿ ಸ್ಥಳದಲ್ಲಿ ಕಂಡುಬರುವುದಿಲ್ಲ, ವಿವರಣೆ ನೀಡುವುದು. ನಮ್ಮ ಹಿರಿಯ ಅಧಿಕಾರಿ ಕನ್ನಡಕ ಏರಿಸಿ ನೋಡಿದರು. ಸ್ಥಳಕ್ಕೆ ಯಾಕೆ ಹೋದೆ ಎಂದು ಕೇಳಿದರು. ಯಾಕೆ ಹೋದೆ ಎಂದು ಹೇಳುವುದು ಹೇಗೆ? ನಮ್ಮ ಕೈಪಿಡಿಯಲ್ಲಿ ಆ ಕಾರಣಕ್ಕೆ ಕಲಮು ಇರಲಿಲ್ಲ.

ಕಾರ್ಯದರ್ಶಿ ಸ್ವಲ್ಪವೂ ಗಾಬರಿಯಾಗಲಿಲ್ಲ. ಹಾಳೆ ತೆಗೆದುಕೊಂಡು, ಪೆನ್ನಿನ ಕ್ಯಾಪು ಬಿಚ್ಚಿ, ಎಂದಿನ ಉತ್ತರ ಬರೆಯಲು ಕೂತ. ಆಗ ಬೆಂಚಿನಿಂದ ಅಧ್ಯಕ್ಷೆ ಎದ್ದು ಬಂದರು. ಈ ಅರ್ಧ ಯಾಕೆ ಖಾಲಿ ಬಿಟ್ಟಿದೀರಿ ಎಂದು ನನ್ನನ್ನೇ ಕೇಳಿದರು. ಅದು ಪಂಚಾಯಿತಿಯ ಉತ್ತರಕ್ಕೆ ಎಂದೆ. ಆಕೆ ಹಾಳೆಯ ಮೇಲೆ ಅಂಗೈ ಊರಿದರು.

“ಹಂಗಾದ್ರೆ ನಂದೂ ಉತ್ರ ಐತೆ. ನಾಳೆ ಬರ್ಸ್ಕಂಡು ತತ್ತೀನಿ.”

ಕುರ್ಚಿಯಲ್ಲಿದ್ದ ಗಂಡ ಹೆಂಡತಿಯನ್ನು ಹೊಸದಾಗಿ ನೋಡುವವನ ಹಾಗೆ ನೋಡಿದ. ನನ್ನ ಇಡೀ ನೌಕರಿಯಲ್ಲಿ ಆ ಖಾಲಿ ಅರ್ಧವನ್ನು ಉತ್ತರಕ್ಕಾಗಿ ಇಟ್ಟದ್ದು ಎಂದು ನಂಬಿದ ಒಬ್ಬರೇ ವ್ಯಕ್ತಿ ಆಕೆ.

ಮರುದಿನ ಗಂಡ ಕಚೇರಿಗೆ ಬರಲಿಲ್ಲ. ಆಕೆ ಹಾಳೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಂದರು. ಊರಿನ ಅಂಗನವಾಡಿ ಟೀಚರ ಕೈಯಲ್ಲಿ ಬರೆಸಿದ್ದರು. ಟೀಚರು ಪಾಪ ತನ್ನ ಹೆಸರು ಎಲ್ಲೂ ಬರಬಾರದು ಎಂದು ಆಣೆ ಹಾಕಿಸಿಕೊಂಡಿದ್ದರಂತೆ. ಉತ್ತರ ಚಿಕ್ಕದು: ಈ ರುಜು ನನ್ನದೇ. ರುಜು ಕಲಿಯಲು ಮಾಡಿದ್ದು. ಆಗ ಹಾಳೆಯಲ್ಲಿ ಏನೂ ಬರೆದಿರಲಿಲ್ಲ. ನಮ್ಮ ಕೇರಿಗೆ ನಲ್ಲಿ ಬಂದಿಲ್ಲ. ಬರಬೇಕು. ಕೆಳಗೆ ದುಂಡು ಅಕ್ಷರದ ಸಹಿ, ಕೊನೆಯ ಕೊಂಬು ಸಮೇತ.

ಹಿರಿಯರು ಓದಿದರು, ಮತ್ತೆ ಓದಿದರು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕಾರ್ಯದರ್ಶಿ ಹೊರಗೆ ಹೋಗುವವರೆಗೆ ಕಾದು ನನಗೆ ಹೇಳಿದರು.

“ಇದು ತಪ್ಪೊಪ್ಪಿಗೆ ಆಯ್ತಲ್ಲಮ್ಮ.”

ನಾನು ಹಾರಿಬಿದ್ದೆ. ಅವರು ಸಮಾಧಾನವಾಗಿ ಬಿಡಿಸಿ ಹೇಳಿದರು. ರುಜು ತನ್ನದು ಎಂದು ಒಪ್ಪಿದ್ದಾರೆ. ಖಾಲಿ ಓಚರಿಗೆ ಸಹಿ ಮಾಡಿದೆ ಎಂದು ಒಪ್ಪಿದ್ದಾರೆ. ಕೆಲಸ ಆಗಿಲ್ಲ ಎಂದೂ ಒಪ್ಪಿದ್ದಾರೆ. ಇನ್ನು ಉಳಿದದ್ದೇನು? ಕಾರ್ಯದರ್ಶಿ ತನ್ನ ಪಾಲಿಗೆ ಬೇರೆ ಹಾಳೆಯಲ್ಲಿ ಬರೆದುಕೊಟ್ಟಿದ್ದ: ಅಧ್ಯಕ್ಷರ ಆದೇಶದಂತೆ ಪಾವತಿಸಲಾಗಿದೆ. ಪೈಪು ಸರಬರಾಜು ಮಾಡಿದ್ದೇನೆಂದು ಬಿಲ್ಲು ಕೊಟ್ಟವನು ಬೇಲೂರಿನ ಕಡೆಯವನು, ಅವನು ಕೊಟ್ಟೆ ಎನ್ನುತ್ತಾನೆ. ಇನ್ನು ಗಂಡ? ಅವನ ಸಹಿ ಎಲ್ಲೂ ಇರಲಿಲ್ಲ. ಸಹಿ ಇಲ್ಲದವನು ಆಡಿಟ್ಟಿನ ಪಾಲಿಗೆ ಹುಟ್ಟೇ ಇಲ್ಲ. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತು ಎನ್ನುತ್ತಾರೆ. ಈ ಮೇಕೆ ಮೊಸರು ಒರೆಸಿಕೊಂಡದ್ದಲ್ಲದೆ, ಹೌದು ಇದು ನನ್ನದೇ ಬಾಯಿ ಎಂದು ಬರೆದುಕೊಟ್ಟಿತ್ತು.

ಅಂದು ಊಟದ ಹೊತ್ತಿಗೆ ಹಳೇಬೀಡಿಗೆ ವಾಪಸು ಬಂದೆವು. ಬಸ್ತಿಹಳ್ಳಿಯ ಬಸದಿಯ ಜಗಲಿಯಲ್ಲಿ ಕೂತು ನಾನು ಡಬ್ಬಿ ಬಿಚ್ಚದೆ ಜಗಳವಾಡಿದೆ. ಅಲ್ಲಿಯ ಕಂಬಗಳು ಮುಖ ಕಾಣುವಷ್ಟು ನುಣುಪು. ಒಂದರಲ್ಲಿ ನನ್ನ ಮುಖ ಕಂಡು ಇನ್ನಷ್ಟು ಸಿಟ್ಟು ಬಂತು. ವರದಿಯಲ್ಲಿ ಆಕೆಯ ಮಾತು ಪೂರ್ತಿ ಬರಲೇಬೇಕು ಎಂದೆ. ಬರೆ ಎಂದರು ಹಿರಿಯರು, ತಡೆಯಲಿಲ್ಲ. ನನ್ನ ಡಬ್ಬಿಯನ್ನು ತಾವೇ ಬಿಚ್ಚಿ ಮುಂದಿಟ್ಟು ಹೇಳಿದರು.

“ಆಡಿಟ್ ಅಂದ್ರೆ ಪೋಸ್ಟ್‌ಮಾರ್ಟಂ ಕಣಮ್ಮ. ಯಾಕೆ ಸತ್ತ ಅಂತ ಬರೀಬಹುದು. ಔಷಧಿ ಕೊಡೋಕೆ ಹೋದ್ರೆ ಹೆಣ ಕುಡಿಯಲ್ಲ.”

ಬರೆದೆ. ಒಲೆ, ಸಾರು, ಬಣ್ಣದ ಹಾಳೆ ಎಲ್ಲವನ್ನೂ ಬರೆದೆ. ಮೇಲಿನ ಕಚೇರಿಯಿಂದ ಅಚ್ಚಾಗಿ ಬಂದ ವರದಿಯಲ್ಲಿ ಅದೆಲ್ಲ ಒಂದು ಸಾಲಾಗಿತ್ತು: ‘ಅಧ್ಯಕ್ಷರು ಸಹಿಯನ್ನು ಒಪ್ಪಿಕೊಂಡಿರುತ್ತಾರೆ.’ ಹಣವನ್ನು ಅಧ್ಯಕ್ಷೆ ಮತ್ತು ಕಾರ್ಯದರ್ಶಿ ಇಬ್ಬರಿಂದ ಸಮವಾಗಿ ವಸೂಲು ಮಾಡುವುದು ಎಂದು ಅದರ ಕೆಳಗಿತ್ತು. ನಮ್ಮ ಭಾಷೆಯಲ್ಲಿ ಇಂಥದಕ್ಕೆ ಕಂಡಿಕೆ ಎನ್ನುತ್ತಾರೆ. ಒಂದು ಕಂಡಿಕೆ ಹುಟ್ಟಿದರೆ ಅದಕ್ಕೆ ಮನುಷ್ಯರಿಗಿಂತ ಆಯುಸ್ಸು ಹೆಚ್ಚು.

ಕಾರ್ಯದರ್ಶಿ ವರ್ಗ ಮಾಡಿಸಿಕೊಂಡು ಬೇರೆ ತಾಲ್ಲೂಕಿಗೆ ಹೋದ. ಅಲ್ಲಿಂದಲೇ ಕೋರ್ಟಿಗೆ ಹೋಗಿ ವಸೂಲಿಗೆ ತಡೆಯಾಜ್ಞೆ ತಂದ. ಅವನ ಪಾಲು ಅಲ್ಲಿಗೆ ನಿಂತಿತು. ಅಧ್ಯಕ್ಷೆಯ ಅವಧಿ ಮುಗಿಯಿತು, ಆಕೆ ಬೆಂಚಿನ ತುದಿಯಿಂದಲೂ ಎದ್ದು ಮನೆಗೆ ಹೋದರು. ಇಷ್ಟೇ ಆಗಿದ್ದರೆ ಇದು ಎಲ್ಲ ಊರಿನ ಕಥೆ. ಆದರೆ ಕೇರಿಯವರು ನಲ್ಲಿ ಕೇಳಲು ಹೋದಾಗಲೆಲ್ಲ ಒಂದೇ ಉತ್ತರ ಸಿಗತೊಡಗಿತು. ನಿಮ್ಮ ಕೇರಿಯ ನಲ್ಲಿಗೆ ಒಮ್ಮೆ ದುಡ್ಡು ಖರ್ಚಾಗಿದೆ, ಅದರ ಮೇಲೆ ಆಡಿಟ್ ಕಂಡಿಕೆ ಇದೆ, ಕಂಡಿಕೆ ತೀರುವ ತನಕ ಅದೇ ಕೆಲಸಕ್ಕೆ ಇನ್ನೊಮ್ಮೆ ಅಂದಾಜು ಹಾಕುವಂತಿಲ್ಲ. ಹೇಳಿದ್ದು ನಿಯಮದ ಪ್ರಕಾರ ಸರಿಯಾಗಿಯೇ ಇತ್ತು. ಕೇರಿಯ ಹೆಂಗಸರು ಬೋರಿನ ಮುಂದೆ ಕೊಡ ಇಟ್ಟು ಸಾಲಿನಲ್ಲಿ ನಿಂತಾಗ ಆಕೆಯ ಹೆಸರು ಹಿಡಿದು ಬಯ್ಯುತ್ತಿದ್ದರಂತೆ. ಆಕೆಯೂ ಅದೇ ಸಾಲಿನಲ್ಲಿ ನಿಂತಿರುತ್ತಿದ್ದರು.

ಇದನ್ನು ಆಕೆಯೇ ನನಗೆ ಹೇಳಿದ್ದು. ಒಂದು ದಿನ ಅರಸೀಕೆರೆಗೆ ಬಂದು, ಬಸ್ ಸ್ಟ್ಯಾಂಡಿನಿಂದ ಕೊಬ್ಬರಿ ಮಂಡಿ ಕೇಳಿಕೊಂಡು, ಅಲ್ಲಿಂದ ನಮ್ಮ ಮನೆ ಹುಡುಕಿಕೊಂಡು ಬಂದರು. ಒಳಗೆ ಬನ್ನಿ ಎಂದರೂ ಬರದೆ ಜಗಲಿಯ ಮೇಲೆ ಕೂತರು. ಮೊದಲಿಗಿಂತ ಬಹಳ ಸೊರಗಿದ್ದರು. ಕಷ್ಟಸುಖ ಕೇಳುವಷ್ಟೂ ಪುರುಸೊತ್ತು ಕೊಡದೆ, ಆ ಕಂಡಿಕೆ ಹೋಗಬೇಕಾದರೆ ಏನು ಮಾಡಬೇಕು ಎಂದು ಕೇಳಿದರು.

ಏನೂ ಮಾಡಬೇಡಿ ಎಂದೆ. ನೀವು ಕಟ್ಟಬೇಕಾದ್ದಲ್ಲ, ವಕೀಲರನ್ನು ಹಿಡಿದು ನೀವೂ ತಡೆಯಾಜ್ಞೆ ತನ್ನಿ, ಕಳ್ಳರು ಆರಾಮಾಗಿರುವಾಗ ನಿಮಗೇನು ಬಂತು ಎಂದು ಕೂಗಾಡಿದೆ. ಅಮ್ಮ ಒಳಗಿನಿಂದ ಇಣುಕಿ ನೋಡಿದರು. ಆಕೆ ನನ್ನ ಕೂಗಾಟ ಮುಗಿಯುವ ತನಕ ಕಾದು, ಮತ್ತೆ ಅದೇ ಪ್ರಶ್ನೆ ಕೇಳಿದರು. ಹಣ ತುಂಬಿದರೆ ಹೋಗುತ್ತದೆ ಎಂದು ಹೇಳಲೇಬೇಕಾಯಿತು. ಆದರೆ ನಿಮ್ಮ ಪಾಲು ಅರ್ಧ ಮಾತ್ರ, ಇನ್ನರ್ಧ ಕಾರ್ಯದರ್ಶಿಯದು ಎಂದು ಒತ್ತಿ ಹೇಳಿದೆ.

“ಅರ್ಧ ಕಟ್ಟಿದ್ರೆ ಅರ್ಧ ನಲ್ಲಿ ಬತ್ತದಾ ಅಮ್ಮಾವ್ರೆ?”

ವ್ಯಂಗ್ಯವಾಗಿ ಕೇಳಿದ್ದಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದು. ಬರುವುದಿಲ್ಲ, ಪೂರ್ತಿ ತುಂಬಬೇಕು ಎಂದೆ. ಆಕೆ ತಲೆಯಾಡಿಸಿ, ಅಮ್ಮ ಕೊಟ್ಟ ಕಾಫಿ ಕುಡಿದು, ಲೋಟವನ್ನು ತಾವೇ ತೊಳೆಯಲು ಎದ್ದರು. ನಾನು ಕೈಯಿಂದ ಕಿತ್ತುಕೊಂಡೆ. ನಮ್ಮ ಹಿತ್ತಲಿನ ನಲ್ಲಿಯಲ್ಲಿ ಆಗ ನೀರು ಬರುತ್ತಿತ್ತು, ಬಕೆಟ್ಟು ತುಂಬಿ ಚೆಲ್ಲುತ್ತಿತ್ತು. ಆಕೆ ಅದನ್ನು ಸ್ವಲ್ಪ ಹೊತ್ತು ನೋಡಿ, ಹೋಗಿ ತಿರುಗಿಸಿ ನಿಲ್ಲಿಸಿ, ಬಸ್ಸಿಗೆ ಹೊತ್ತಾಯಿತೆಂದು ಹೊರಟರು.

ಸೀಮೆ ಹಸು ಮಾರಿದರಂತೆ. ಡೇರಿಗೆ ಹಾಲು ಹಾಕಿ ಮನೆ ನಡೆಯುತ್ತಿದ್ದದ್ದೇ ಆ ಹಸುವಿನಿಂದ. ಅದು ಸಾಲದೆ ಕಿವಿಯ ಓಲೆಯೂ ಹೋಯಿತಂತೆ. ಗಂಡ ಏನಂದ ಎಂದು ನನಗೆ ಗೊತ್ತಿಲ್ಲ. ಅವನು ಆ ಹೊತ್ತಿಗೆ ಇನ್ನೊಬ್ಬ ಸದಸ್ಯನ ಹಿಂದೆ ಓಡಾಡಿಕೊಂಡಿದ್ದ.

ನನಗೆ ಮತ್ತೆ ಆ ಪಂಚಾಯಿತಿಯ ತಪಾಸಣೆ ಬಿದ್ದದ್ದು ಎರಡು ಸಾವಿರ ಇಸವಿ ಕಳೆದ ಮೇಲೆ. ಹಿರಿಯರು ನಿವೃತ್ತರಾಗಿದ್ದರು, ಈ ಸಲ ತಂಡಕ್ಕೆ ನಾನೇ ಹಿರಿಯಳು. ಕಚೇರಿಗೆ ಬಣ್ಣ ಬಳಿದಿದ್ದರು. ಮುಂದೆ ಸಿಮೆಂಟಿನ ದೊಡ್ಡ ಕಮಾನು ಕಟ್ಟಿ, ಆಗಿನ ಸದಸ್ಯರ ಹೆಸರನ್ನೆಲ್ಲ ಕಲ್ಲಿನಲ್ಲಿ ಕೆತ್ತಿಸಿದ್ದರು. ಹೊಸ ಕಾರ್ಯದರ್ಶಿ ಚುರುಕಿನ ಹುಡುಗ, ಕೇಳುವುದಕ್ಕೆ ಮೊದಲೇ ಕಡತ ಮುಂದಿಡುವವನು. ಆಕೆ ತುಂಬಿದ ಹಣ ಜಮಾ ಆಗಿತ್ತು, ಪೂರ್ತಿ. ಎಲ್ಲಿಗೆ? ಪಂಚಾಯಿತಿಯ ಸಾಮಾನ್ಯ ಖಾತೆಗೆ. ನಿಯಮವೇ ಹಾಗೆ. ವಸೂಲಾದ ಹಣ ಯಾವ ಕೆಲಸಕ್ಕೆ ಸೇರಿದ್ದೆಂದು ನೆನಪಿಟ್ಟುಕೊಳ್ಳುವುದಿಲ್ಲ. ಸಾಮಾನ್ಯ ಖಾತೆಯಿಂದ ಆ ವರ್ಷ ಕಮಾನು ಕಟ್ಟಿಸಿದ್ದರು.

ಕಮಾನಿನ ಕಡತವನ್ನು ನಾನು ಹಲ್ಲು ಕಚ್ಚಿಕೊಂಡು ನೋಡಿದೆ. ಮೂರು ಕಡೆಯ ದರಪಟ್ಟಿ ಇತ್ತು. ಸಭೆಯ ನಡಾವಳಿ ಇತ್ತು. ಅಳತೆ ಇತ್ತು, ಮೊದಲಿನ ಫೋಟೊ, ನಂತರದ ಫೋಟೊ ಇತ್ತು. ಎದ್ದು ಹೋಗಿ ಕಮಾನನ್ನೇ ಮುಟ್ಟಿ ನೋಡಿ ಬಂದೆ. ಈ ಸಲ ಚೀಲ ಬಿಚ್ಚಿದ್ದೆ, ಒಳಗೆ ಮಾಲು ಸರಿಯಾಗಿಯೇ ಇತ್ತು. ಹಸಿರು ಗುರುತು ಹಾಕಿದೆ. ಆ ಗುರುತಿನಷ್ಟು ಅಸಹ್ಯ ನನಗೆ ನನ್ನ ಕೈಬರಹದ ಮೇಲೆ ಎಂದೂ ಹುಟ್ಟಿಲ್ಲ.

ಕೇರಿಯ ನಲ್ಲಿ ಏನಾಯಿತು ಎಂದು ಕೇಳಿದೆ. ಹುಡುಗ ಕಾಮಗಾರಿಗಳ ಪಟ್ಟಿ ತೆರೆದು ಬೆರಳಿಟ್ಟು ತೋರಿಸಿದ. ಕಂಡಿಕೆ ತೀರಿದ್ದರಿಂದ ಅದರ ಮುಂದೆ ‘ಪೂರ್ಣಗೊಂಡಿದೆ’ ಎಂದು ಬರೆದಿದ್ದರು. ಪೂರ್ಣಗೊಂಡ ಕೆಲಸಕ್ಕೆ ಇನ್ನೊಮ್ಮೆ ಹಣ ಕೇಳಲು ಬರುವುದಿಲ್ಲ ಎಂದ. ಮೊದಲು ಕಂಡಿಕೆ ಇದ್ದದ್ದರಿಂದ ನಲ್ಲಿ ಇಲ್ಲ, ಈಗ ಕಂಡಿಕೆ ಹೋದದ್ದರಿಂದ ನಲ್ಲಿ ಇಲ್ಲ. ನಾನು ಮತ್ತೆ ಹಾಳೆ ಮಡಿಸಿ ಪ್ರಶ್ನೆ ಬರೆದೆ. ಹುಡುಗ ಕೂಡಲೇ ಬಲಗಡೆ ಉತ್ತರ ಬರೆದುಕೊಟ್ಟ. ಮುಂದೆ ಗಮನಿಸಲಾಗುವುದು. ಅಕ್ಷರ ಮುದ್ದಾಗಿತ್ತು.

ಕೊನೆಯ ದಿನ ಆಕೆ ಬಂದರು. ಹಣ ತುಂಬಿದವರಿಗೆ ಕಂಡಿಕೆ ತೀರಿದೆ ಎಂಬ ಪತ್ರ ಕೊಡಬೇಕಾಗಿತ್ತು, ಹೇಳಿಕಳಿಸಿದ್ದೆ. ನೀರಿಗೆ ಹೊರಟವರು ಹಾಗೇ ಬಂದಿದ್ದರು, ಖಾಲಿ ಕೊಡವನ್ನು ಬಾಗಿಲ ಹೊರಗೆ ಇಟ್ಟರು. ಕಿವಿಯಲ್ಲಿ ಕಡ್ಡಿ ಇತ್ತು. ನಾನು ಎದ್ದು ನನ್ನ ಕುರ್ಚಿಯಲ್ಲಿ ಕೂರಿಸಿದೆ. ಪತ್ರ ತಲುಪಿದೆ ಎನ್ನುವುದಕ್ಕೆ ಒಂದು ಸಹಿ ಬೇಕಾಗಿತ್ತು. ಪೆನ್ನು ಮುಂದಿಟ್ಟೆ. ಆಕೆ ಪೆನ್ನನ್ನು ಪಕ್ಕಕ್ಕೆ ಸರಿಸಿ, ಎಡಗೈ ಹೆಬ್ಬೆರಳನ್ನು ನೀಡಿದರು.

ನಿಮಗೆ ರುಜು ಬರುತ್ತದಲ್ಲ ಎಂದೆ.

“ಬತ್ತದೆ, ಮಾಡಾಕಿಲ್ಲ. ರುಜು ಮಾಡೋರಿಗೆ ಯಾರೂ ಓದಿ ಹೇಳಾಕಿಲ್ಲ ಅಮ್ಮಾವ್ರೆ. ಹೆಬ್ಬೆಟ್ಟಾದ್ರೆ ಓದಿ ಹೇಳ್ಬೇಕಂತೆ. ಓದಿ.”

ನಿಯಮ ಅದೇ. ಓದುಬರಹ ಬಾರದವರ ಹೆಬ್ಬೆಟ್ಟು ತೆಗೆದುಕೊಳ್ಳುವಾಗ ಪತ್ರವನ್ನು ಓದಿ ಹೇಳಿ, ಹೇಳಿದ್ದೇವೆ ಎಂದು ಬರೆದು ಕೆಳಗೆ ನಾವು ಸಹಿ ಹಾಕಬೇಕು. ನಾನು ಓದಿದೆ. ಸದರಿ ಗ್ರಾಮದ ಕೇರಿಗೆ ಕುಡಿಯುವ ನೀರಿನ ನಲ್ಲಿ ಅಳವಡಿಸಿದ ಕಾಮಗಾರಿಗೆ ಸಂಬಂಧಿಸಿದ ಕಂಡಿಕೆಯನ್ನು ಹಣ ಸಂದಾಯವಾದ ಮೇರೆಗೆ ಮುಕ್ತಾಯಗೊಳಿಸಿದೆ. ನನ್ನ ಧ್ವನಿ ನನಗೇ ಬೇರೆಯವರದ್ದು ಅನ್ನಿಸಿತು. ಆಕೆ ಗಮನವಿಟ್ಟು ಕೇಳಿದರು. ಮುಕ್ತಾಯ ಎಂದರೆ ಏನು ಎಂದು ಕೇಳಿದರು. ಮುಗಿಯಿತು ಎಂದು ಅರ್ಥ ಎಂದೆ.

“ನಲ್ಲೀನೂವಾ?”

ಹೌದು ಎಂದೆ. ಬರುತ್ತದೆ ಎಂದು ಸುಳ್ಳು ಹೇಳಬಹುದಾಗಿತ್ತು, ಹೇಳಲಿಲ್ಲ. ಆಕೆಗೆ ಸುಳ್ಳು ಹೇಳಿದವರು ಬೇಕಾದಷ್ಟು ಜನ ಆಗಿದ್ದರು.

ಆಕೆ ತಾವೇ ಶಾಯಿ ಪ್ಯಾಡಿಗೆ ಹೆಬ್ಬೆರಳು ಅದ್ದಿ, ಗೆರೆಯ ಮೇಲೆ ಒತ್ತಿ, ಅಂಟಿದ್ದನ್ನು ತಲೆಗೂದಲಿಗೆ ಒರೆಸಿಕೊಂಡರು. ಅದರ ಕೆಳಗೆ, ಓದಿ ಹೇಳಲಾಗಿದೆ ಎಂದು ಬರೆದು ನಾನು ಸಹಿ ಮಾಡಿದೆ. ಆಕೆ ಪತ್ರ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಹೊರಗಿಟ್ಟಿದ್ದ ಕೊಡ ಎತ್ತಿಕೊಂಡು, ಕಮಾನಿನ ಕೆಳಗೆ ಹಾದು ರೋಡಿನ ಬೋರಿನ ಕಡೆ ನಡೆದರು.